ಎಕ್ಸ್‌ರೇಯಲ್ಲಿ ಒಂದೇ ಮೂಳೆ, ಕೋಡ್‌ನಲ್ಲಿ ಎರಡು! ಮುಂಗೈ ಮುರಿತದ ಕ್ವೆರಿಗೆ ಏನು ಉತ್ತರ ಕೊಡಲಿ?

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ನರ್ಸಿಂಗ್ ಹೋಮ್‌ನ ಎಂಆರ್‌ಡಿಗೆ (ರೋಗಿಗಳ ದಾಖಲೆ ಇಡುವ ವಿಭಾಗ) ಸೇರಿ ಐದು ತಿಂಗಳಾಯಿತು. ಅದಕ್ಕೂ ಮುಂಚೆ ಮೆಡಿಕಲ್ ಕೋಡಿಂಗ್ (ಕಾಯಿಲೆ, ಪೆಟ್ಟುಗಳಿಗೆ ಪುಸ್ತಕ ನೋಡಿ ಕೋಡ್ ಹಾಕುವುದು) ಕೋರ್ಸ್ ಮಾಡಿದ್ದೆ. ಕೋಡರ್‌ಗಳ ಅರ್ಹತೆಯ ಸಿಪಿಸಿ ಪರೀಕ್ಷೆ ಇನ್ನೂ ಬರೆದಿಲ್ಲ.

ವಿಷಯ ಇಷ್ಟು. ಎಪಿಎಂಸಿಯಲ್ಲಿ ಮೆಕ್ಕೆಜೋಳ ಇಳಿಸುವಾಗ ಟ್ರೇಲರ್‌ನ ಹಿಂದಿನ ಬಾಗಿಲು ಕಳಚಿ ಒಬ್ಬ ಗುಮಾಸ್ತರ ಬಲಗೈ ಮೇಲೆ ಬಿತ್ತು. ಅಲ್ನಾ ಮೂಳೆಯ ಕೆಳತುದಿ ಮುರಿದಿದೆ. ಅಂದರೆ ಕಿರುಬೆರಳ ಕಡೆಯ ಮೂಳೆ. ಹೆಬ್ಬೆರಳ ಕಡೆಯ ರೇಡಿಯಸ್‌ಗೆ ಏನೂ ಆಗಿಲ್ಲ. ಪ್ಲೇಟ್ ಹಾಕಿದರು. ನಾನು ಕೋರ್ಸ್‌ನಲ್ಲಿ ಕಲಿತ ಹಾಗೆ ಎಸ್52.691ಎ ಅಂತ ಕೋಡ್ ಹಾಕಿದೆ. ಮೂರು ಸಲ ನೋಡಿ ಹಾಕಿದ್ದೇನೆ.

ಈಗ ಟಿಪಿಎಯಿಂದ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವವರು) ಕ್ವೆರಿ ಬಂದಿದೆ. 'ಕೋಡ್ ಪ್ರಕಾರ ಎರಡೂ ಮೂಳೆ ಮುರಿದಿದೆ, ಎಕ್ಸ್‌ರೇ ವರದಿಯಲ್ಲಿ ಒಂದೇ ಇದೆ, ವಿವರಣೆ ಕೊಡಿ.' ಜೊತೆಗೆ ಎಫ್‌ಐಆರ್ ಪ್ರತಿ ಬೇಕಂತೆ. ಅದ್ಯಾಕೆ ಅಂತ ನನಗೆ ಗೊತ್ತಿಲ್ಲ. ಮ್ಯಾನೇಜರ್ ನನ್ನ ಮುಖ ನೋಡುತ್ತಿದ್ದಾರೆ, ನಾನು ಪುಸ್ತಕದ ಮುಖ ನೋಡುತ್ತಿದ್ದೇನೆ. ಪುಸ್ತಕದಲ್ಲಿ ಎಸ್52.6 ಅಂದರೆ ಅಲ್ನಾ ಕೆಳತುದಿ ಅಂತಲೇ ಇದೆ. ಎಲ್ಲಿ ತಪ್ಪಿದೆ?

ಕೋಟೆ ಮಂಗ (ಚಿತ್ರದುರ್ಗ)

ಮೂರು ಸಲ ನೋಡಿದ್ದೀಯ ಸರಿ. ಯಾವ ಪುಸ್ತಕ ನೋಡಿದೆ ಅಂತ ಹೇಳು ಮಾರಾಯ.

ರೆಕಾರ್ಡ್‌ರೂಮ್ ಅಕ್ಕ (ಚಿತ್ರದುರ್ಗ)

ಮಂಗ ತಮಾಷೆಗೆ ಹೇಳಿದರೂ ವಿಷಯ ಅದೇ. ತಮ್ಮಾ, ನಿನ್ನ ಕೋಡ್ ತಪ್ಪಲ್ಲ. ಊರು ತಪ್ಪು.

ಐಸಿಡಿ ಅಂದರೆ ಕಾಯಿಲೆ, ಪೆಟ್ಟುಗಳ ಕೋಡ್ ಪಟ್ಟಿ. ನೀನು ಕೋರ್ಸ್‌ನಲ್ಲಿ ಕಲಿತದ್ದು ಐಸಿಡಿ-10-ಸಿಎಂ. ಅದು ಅಮೆರಿಕದವರು ತಮಗೆ ಬೇಕಾದ ಹಾಗೆ ಹಿಗ್ಗಿಸಿಕೊಂಡ ಪುಸ್ತಕ. ಅಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಗೆ ಬಂತು. ನಮ್ಮ ಆಸ್ಪತ್ರೆಗಳ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಇರುವುದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10. ಎರಡರಲ್ಲೂ ಮುಂಗೈ ಮುರಿತಕ್ಕೆ ಎಸ್52 ಅಂತಲೇ ಇದೆ, ಹಾಗಾಗಿ ಒಂದೇ ಅಂತ ಅನಿಸುತ್ತೆ. ಚುಕ್ಕೆ ದಾಟಿದ ಮೇಲೆ ದಾರಿ ಬೇರೆ.

ಮೂಲ ಪುಸ್ತಕದಲ್ಲಿ ಎಸ್52.5 ಅಂದರೆ ರೇಡಿಯಸ್ ಕೆಳತುದಿ. ಎಸ್52.6 ಅಂದರೆ ಅಲ್ನಾ, ರೇಡಿಯಸ್ ಎರಡರ ಕೆಳತುದಿಯೂ ಒಟ್ಟಿಗೆ ಮುರಿದದ್ದು. ಅಮೆರಿಕದ ಪುಸ್ತಕದಲ್ಲಿ ಎಸ್52.6 ಅಂದರೆ ಬರೀ ಅಲ್ನಾ ಕೆಳತುದಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕೋಡ್ ಹಾಕುವ ಜಾಗ ಎಷ್ಟು ಉದ್ದ ಇದೆ ನೋಡು. ನೀನು ಏಳು ಅಕ್ಷರ ಹೊಡೆದಿದ್ದೀಯ, ಅದು ನಾಲ್ಕೇ ಇಟ್ಟುಕೊಂಡು ಉಳಿದದ್ದನ್ನು ನುಂಗಿರಬೇಕು. ಟಿಪಿಎಯವರ ಕಣ್ಣಿಗೆ ಬಿದ್ದದ್ದು ಬರೀ ಎಸ್52.6. ಅವರು ಮೂಲ ಪುಸ್ತಕ ತೆಗೆದು ಓದಿದ್ದಾರೆ. ಅವರದ್ದೂ ತಪ್ಪಿಲ್ಲ.

ಮಂಡಕ್ಕಿ ಮಿರ್ಚಿ

ಅಕ್ಕಾ, ಈಗಷ್ಟೇ ಪ್ರಿಂಟ್ ತೆಗೆದು ನೋಡಿದೆ. ಕ್ಲೇಮ್ ಫಾರ್ಮ್‌ನಲ್ಲಿ ಎಸ್52.6 ಅಂತ ಮಾತ್ರ ಇದೆ! ಪರದೆ ಮೇಲೆ ಪೂರ್ತಿ ಕಾಣುತ್ತಿತ್ತು. ಹಾಗಾದರೆ ಒಂಟಿ ಅಲ್ನಾ ಕೆಳತುದಿಗೆ ಮೂಲ ಪುಸ್ತಕದಲ್ಲಿ ಏನು ಹಾಕಬೇಕು? ಎಸ್52.2 ಹಾಕಬಹುದಾ?

ರೆಕಾರ್ಡ್‌ರೂಮ್ ಅಕ್ಕ

ಬೇಡ. ಎಸ್52.2 ಅಲ್ನಾ ದಂಡದ ನಡುಭಾಗಕ್ಕೆ. ನಿನಗೆ ಬೇಕಾದ್ದು ಎಸ್52.8. 'ಮುಂಗೈನ ಇತರ ಭಾಗಗಳು' ಅಂತ ಹೆಸರು. ಅದರ ಕೆಳಗೇ ಅಲ್ನಾ ಕೆಳತುದಿ, ಅಲ್ನಾ ತಲೆ ಅಂತ ಬರೆದಿದ್ದಾರೆ. 'ಇತರ' ಅಂತ ಕಂಡ ಕೂಡಲೇ ಕಸದ ಬುಟ್ಟಿ ಅಂದುಕೊಂಡು ಹುಡುಗರು ಮುಂದೆ ಹೋಗುತ್ತಾರೆ. ಅದನ್ನೂ ಬಿಚ್ಚಿ ಓದಬೇಕು.

ಇನ್ನೊಂದು ಗುಂಡಿ ಇದೆ, ನಾನೂ ಬಿದ್ದಿದ್ದೆ. ಮೂಲ ಪುಸ್ತಕದಲ್ಲಿ ಬೇಕಾದರೆ ಐದನೇ ಅಂಕಿ ಸೇರಿಸಬಹುದು. ಸೊನ್ನೆ ಅಂದರೆ ಮುಚ್ಚಿದ ಮುರಿತ, ಒಂದು ಅಂದರೆ ತೆರೆದ ಮುರಿತ. ಅಲ್ಲಿಗೆ ಎಸ್52.51 ಅಂದರೆ ರೇಡಿಯಸ್ ಕೆಳತುದಿ, ಗಾಯದಿಂದ ಮೂಳೆಗೆ ದಾರಿ ಆಗಿದೆ ಅಂತ ಅರ್ಥ. ಅದೇ ಎಸ್52.51 ಅಮೆರಿಕದ ಪುಸ್ತಕದಲ್ಲಿ ರೇಡಿಯಲ್ ಸ್ಟೈಲಾಯ್ಡ್, ಅಂದರೆ ಹೆಬ್ಬೆರಳ ಕಡೆಯ ಮೂಳೆಯ ಚೂಪು ತುದಿ. ಒಂದು ಸಣ್ಣ ಮುಚ್ಚಿದ ಮುರಿತಕ್ಕೆ ಅಲ್ಲಿನ ಕೋಡ್ ತಂದು ಇಲ್ಲಿ ಹಾಕಿದರೆ ಓದುವವರು 'ಅಯ್ಯೋ, ಮೂಳೆ ಹೊರಗೆ ಬಂದಿದೆ' ಅಂತ ತಿಳಿಯುತ್ತಾರೆ.

ಚಳ್ಳಕೆರೆ ಶೇಂಗಾ

ನಾನು ಮನೆಯಿಂದಲೇ ರಾತ್ರಿ ಪಾಳಿಯಲ್ಲಿ ಅಮೆರಿಕದ ಚಾರ್ಟ್ ಕೋಡ್ ಮಾಡುವವನು. ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎರಡೂ ಮೂಳೆಗಳ ದಂಡ ಮುರಿದರೆ ಮೂಲ ಪುಸ್ತಕದಲ್ಲಿ ಎಸ್52.4 ಒಂದೇ ಸಾಕು. ಸಿಎಂನಲ್ಲಿ ಎಸ್52.4 ಅನ್ನುವುದೇ ಇಲ್ಲ. ರೇಡಿಯಸ್‌ಗೆ ಒಂದು, ಅಲ್ನಾಗೆ ಒಂದು ಅಂತ ಎರಡು ಕೋಡ್ ಹಾಕಬೇಕು. ಹೊಸಬರು ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಮಿರ್ಚಿ ತಮ್ಮಾ, ನೀನು ಕಲಿತದ್ದು ವೇಸ್ಟ್ ಅಲ್ಲ. ಸಿಪಿಸಿ ಪರೀಕ್ಷೆಗೆ ಅದೇ ಬೇಕು. ಹಗಲು ಒಂದು ಪುಸ್ತಕ, ರಾತ್ರಿ ಓದಲು ಇನ್ನೊಂದು. ರಟ್ಟಿಗೆ ಬೇರೆ ಬೇರೆ ಬಣ್ಣದ ಕಾಗದ ಹಾಕಿಕೋ ಅಷ್ಟೇ.

ಕ್ಲೇಮ್ ಕಾಯೋನು (ದಾವಣಗೆರೆ)

ನಾನು ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೂರುವವನು. ಎಫ್‌ಐಆರ್ ಯಾಕೆ ಕೇಳಿದರು ಅಂತ ನಾನು ಹೇಳಬಲ್ಲೆ. ಕ್ಯಾಶುವಾಲ್ಟಿ ಚೀಟಿ ನೋಡಿ. ಡ್ಯೂಟಿ ಡಾಕ್ಟರ್ 'ಟ್ರ್ಯಾಕ್ಟರ್ ಆಕ್ಸಿಡೆಂಟ್' ಅಂತ ಬರೆದಿರುತ್ತಾರೆ. ಬೆಟ್ ಕಟ್ಟುತ್ತೇನೆ.

ಮಂಡಕ್ಕಿ ಮಿರ್ಚಿ

ಬೆಟ್ ಗೆದ್ದಿರಿ ಸರ್. ಅದೇ ಎರಡು ಪದ.

ಕ್ಲೇಮ್ ಕಾಯೋನು

ನೋಡಿ ಮತ್ತೆ. ಕ್ಲೇಮ್ ಫಾರ್ಮ್‌ನಲ್ಲಿ ಪೆಟ್ಟಿನ ಕಾರಣ ಅಂತ ಒಂದು ಸಾಲಿದೆ. ರಸ್ತೆ ಅಪಘಾತವಾ, ಎಂಎಲ್‌ಸಿ (ಕಾನೂನಿಗೆ ಸಂಬಂಧಪಟ್ಟ ಕೇಸ್ ಅಂತ ನಮೂದು) ಆಗಿದೆಯಾ, ಪೊಲೀಸರಿಗೆ ತಿಳಿಸಿದ್ದೀರಾ ಅಂತ ಕೇಳುತ್ತಾರೆ. 'ಟ್ರ್ಯಾಕ್ಟರ್ ಆಕ್ಸಿಡೆಂಟ್' ಅಂದರೆ ಬೆಂಗಳೂರಿನ ಎಸಿ ರೂಮಿನಲ್ಲಿ ಕೂತವರಿಗೆ ಹೈವೇನಲ್ಲಿ ಗುದ್ದಿದ ಹಾಗೇ ಕಾಣುತ್ತೆ. ಅವರೇನು ನಮ್ಮ ಎಪಿಎಂಸಿ ನೋಡಿದ್ದಾರಾ? ಗಾಡಿ ನಿಂತಿತ್ತು, ಲೋಡ್ ಇಳಿಸುತ್ತಿದ್ದರು, ಕೊಂಡಿ ಜಾರಿ ಬಾಗಿಲು ಬಿತ್ತು. ಇಷ್ಟು ಬರೆದಿದ್ದರೆ ಕ್ವೆರಿಯೇ ಬರುತ್ತಿರಲಿಲ್ಲ. ಎಂಎಲ್‌ಸಿ ಮಾಡುವುದು ಬಿಡುವುದು ಡಾಕ್ಟರ್‌ಗೆ ಬಿಟ್ಟದ್ದು, ಕೆಲಸದ ಜಾಗದ ಪೆಟ್ಟಿಗೂ ಮಾಡುವವರಿದ್ದಾರೆ. ಆದರೆ ಹೇಗಾಯಿತು ಅನ್ನುವುದು ಒಂದು ಪೂರ್ತಿ ವಾಕ್ಯದಲ್ಲಿ ಇರಬೇಕು.

ರೆಕಾರ್ಡ್‌ರೂಮ್ ಅಕ್ಕ

ಹೌದು. ಕಾರಣಕ್ಕೂ ಕೋಡ್ ಇದೆ, ಮಿರ್ಚಿ ಅದನ್ನು ಹಾಕಿಯೇ ಇಲ್ಲ ಅನಿಸುತ್ತೆ. ಮೇಲಿಂದ ವಸ್ತು ಬಿದ್ದು ಪೆಟ್ಟಾದರೆ ಡಬ್ಲ್ಯೂ20. ಮರದಿಂದ ಬಿದ್ದರೆ ಡಬ್ಲ್ಯೂ14. ಹೊಳಲ್ಕೆರೆ, ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಈ ಡಬ್ಲ್ಯೂ14 ನನಗೆ ಬಾಯಿಪಾಠ. ಬೈಕ್ ಸವಾರರದ್ದು ವಿ20ರಿಂದ ವಿ29ರ ಒಳಗೆ. ತಾನಾಗಿ ಜಾರಿ ಬಿದ್ದರೆ ಒಂದು, ಲಾರಿಗೆ ಗುದ್ದಿದರೆ ಇನ್ನೊಂದು. 'ಸೆಲ್ಫ್ ಫಾಲ್' ಅಂತ ಬರೆದು ಸುಮ್ಮನಾಗುವ ಡಾಕ್ಟರ್‌ಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೆಟ್ಟಿಲಿನಿಂದ ಬಿದ್ದರಾ, ಬೈಕಿನಿಂದ ಬಿದ್ದರಾ?

ಪಟ್ಟಿಕಟ್ಟು ಡಾಕ್ಟ್ರು (ದಾವಣಗೆರೆ)

ಏನೂ ಹೇಳುವುದಿಲ್ಲ ಅಂತ ಹೇಳಿಯೇ ಬಿಟ್ಟಿರಿ ಅಕ್ಕ :)

ನಾನು ಆರ್ಥೋ ಪಿಜಿ ವಿದ್ಯಾರ್ಥಿ. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ಸೋಮವಾರದ ಓಪಿಡಿಯಲ್ಲಿ ಹರಪನಹಳ್ಳಿ, ಜಗಳೂರಿನಿಂದ ಬಂದವರು ಬಾಗಿಲ ತನಕ ನಿಂತಿರುತ್ತಾರೆ. ಒಂದು ಕೈಯಲ್ಲಿ ಎಕ್ಸ್‌ರೇ, ಇನ್ನೊಂದು ಕೈಯಲ್ಲಿ ಪೆನ್ನು. ಆಗ ಬರೆಯುವುದು ಮುರಿತ ಅನ್ನುವುದಕ್ಕೆ ಹ್ಯಾಷ್ ಚಿಹ್ನೆ, ಪಕ್ಕದಲ್ಲಿ 'ಬೋತ್ ಬೋನ್', ಮುಗಿಯಿತು. ನಮಗೆ ನಮಗೆ ಅರ್ಥ ಆಗುತ್ತೆ. ಎಂಆರ್‌ಡಿಗೆ ಹೋದಾಗ ಯಾವ ಕೈ, ಮೇಲಾ ಕೆಳಗಾ ನಡುವೆಯಾ ಒಂದೂ ಇರುವುದಿಲ್ಲ. ಒಪ್ಪಿಕೊಳ್ಳುತ್ತೇನೆ. ಇನ್ನು 'ಎಲ್ ಗೀಟು ಇ' ಅಂತ ಬರೆದರೆ ಲೋಯರ್ ಎಂಡ್ ಅಂತಲೂ ಆಗುತ್ತೆ, ಲೋಕಲ್ ಎಕ್ಸಾಮಿನೇಷನ್ ಅಂತಲೂ ಆಗುತ್ತೆ. ಒಂದೇ ಹಾಳೆಯಲ್ಲಿ ಎರಡನ್ನೂ ಬರೆದಿದ್ದೇನೆ, ನಾಚಿಕೆ ಆಯಿತು.

ಆದರೆ ಒಂದು ವಿಷಯದಲ್ಲಿ ನೀವೂ ಎಡವುತ್ತೀರಿ. ಚರ್ಮ ತರಚಿದೆ ಅಂತ ಇದ್ದರೆ ತೆರೆದ ಮುರಿತ ಅಂತ ಕೋಡ್ ಹಾಕಿ ಕಳಿಸುತ್ತೀರಿ. ತರಚು ಗಾಯ ಬೇರೆ. ಮುರಿದ ಜಾಗಕ್ಕೂ ಗಾಯಕ್ಕೂ ಸಂಪರ್ಕ ಇದ್ದರೆ ಮಾತ್ರ ತೆರೆದ ಮುರಿತ. ಅದರಲ್ಲೂ ದರ್ಜೆ ಇದೆ, ಗಸ್ಟಿಲೋ ಮತ್ತು ಆಂಡರ್ಸನ್ 1976ರಲ್ಲಿ ಕೊಟ್ಟದ್ದು. ಗಾಯ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು, ಒಳಗೆ ಸ್ವಚ್ಛ ಇದ್ದರೆ ಒಂದನೇ ದರ್ಜೆ. ಅದಕ್ಕಿಂತ ದೊಡ್ಡದಾಗಿ, ಮಾಂಸ ಜಾಸ್ತಿ ಹಾಳಾಗಿಲ್ಲದಿದ್ದರೆ ಎರಡನೇದು. ಮೂರನೇದರಲ್ಲಿ ಮತ್ತೆ ಎ, ಬಿ, ಸಿ, ಇದು 1984ರಲ್ಲಿ ಸೇರಿದ್ದು. ರಕ್ತನಾಳ ತುಂಡಾಗಿ ಜೋಡಿಸಬೇಕಾಗಿ ಬಂದರೆ ಸಿ. ಕ್ಯಾಶುವಾಲ್ಟಿಯಲ್ಲಿ ಹೊರಗಿನಿಂದ ನೋಡಿ ಒಂದು ದರ್ಜೆ ಬರೆದಿರುತ್ತೇವೆ, ಓಟಿಯಲ್ಲಿ (ಆಪರೇಷನ್ ಕೋಣೆ) ತೊಳೆದು ನೋಡಿದ ಮೇಲೆ ಅದು ಬದಲಾಗುತ್ತೆ. ಹಾಗಾಗಿ ಓಟಿ ನೋಟ್ ಓದದೆ ಕೋಡ್ ಹಾಕಬೇಡಿ. ಎರಡರಲ್ಲಿ ಬೇರೆ ಬೇರೆ ಇದ್ದರೆ ಫೋನ್ ಮಾಡಿ. ಬೈಯುವುದಿಲ್ಲ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು.

ಚಳ್ಳಕೆರೆ ಶೇಂಗಾ

ಡಾಕ್ಟ್ರು ಸರ್ ಹೇಳಿದ ದರ್ಜೆ ಸಿಎಂನಲ್ಲಿ ನೇರವಾಗಿ ಏಳನೇ ಅಕ್ಷರಕ್ಕೆ ಬರುತ್ತೆ. ಮುಚ್ಚಿದ್ದಕ್ಕೆ ಎ. ತೆರೆದದ್ದು, ದರ್ಜೆ ಒಂದು ಅಥವಾ ಎರಡಾದರೆ ಬಿ. ಮೂರನೇದಾದರೆ ಸಿ. ಮುಚ್ಚಿದ್ದಾ ತೆರೆದದ್ದಾ ಬರೆದೇ ಇಲ್ಲದಿದ್ದರೆ ಮುಚ್ಚಿದ್ದು ಅಂತ ಹಿಡಿಯಬೇಕು. ಮೂಳೆ ಸರಿದಿದೆಯಾ ಇಲ್ಲವಾ ಬರೆದಿಲ್ಲದಿದ್ದರೆ ಸರಿದಿದೆ ಅಂತ ಹಿಡಿಯಬೇಕು. ವಿಚಿತ್ರ ಅಲ್ವಾ? ಒಂದರಲ್ಲಿ ಹಗುರದ ಕಡೆ, ಇನ್ನೊಂದರಲ್ಲಿ ಭಾರದ ಕಡೆ.

ಈ ಎ ಅನ್ನುವುದನ್ನು 'ಮೊದಲ ಭೇಟಿ' ಅಂತ ಕೋಚಿಂಗ್‌ನಲ್ಲಿ ಕಲಿಸಿ ಕೆಡಿಸುತ್ತಾರೆ. ಎ ಅಂದರೆ ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಅಂತ. ಸೋಮವಾರ ತುರ್ತು ವಿಭಾಗ, ಬುಧವಾರ ಆಪರೇಷನ್, ಎರಡಕ್ಕೂ ಎ. ಆಮೇಲೆ ಪಟ್ಟಿ ತೆಗೆಸಲು, ಕೂಡಿದೆಯಾ ನೋಡಲು ಬಂದರೆ ಡಿ.

ಹೊಳಲ್ಕೆರೆ ಅಡಿಕೆ

ನಾನು ಕೋಡಿಂಗ್‌ನವನಲ್ಲ, ತೋಟದವನು. ಓದುತ್ತಾ ಕೂತೆ. ಒಂದು ಕೇಳಲಾ? ನಮ್ಮ ಚಿಕ್ಕಪ್ಪ ದೋಟಿ ಹಿಡಿದು ಬಿದ್ದು ಮುಂಗೈ ಮುರಿದುಕೊಂಡರು. ನಾಟಿ ವೈದ್ಯರ ಹತ್ತಿರ ಬಿದಿರು ದಬ್ಬೆ ಇಟ್ಟು ಕಟ್ಟು ಹಾಕಿಸಿದರು. ಆರು ವಾರ ಆದ ಮೇಲೂ ನೋವು ಹೋಗಲಿಲ್ಲ ಅಂತ ದುರ್ಗಕ್ಕೆ ಕರೆದುಕೊಂಡು ಹೋದೆ. ಚೀಟಿಯಲ್ಲಿ 'ನೆಗ್ಲೆಕ್ಟೆಡ್' ಅಂತ ಬರೆದಿದ್ದರು. ಅದನ್ನು ಓದಿ ಚಿಕ್ಕಪ್ಪನಿಗೆ ಭಾರಿ ಸಿಟ್ಟು. 'ನಾನು ನಿರ್ಲಕ್ಷ್ಯ ಮಾಡಿದೆನಾ? ವಾರಕ್ಕೊಂದು ಸಲ ಎಣ್ಣೆ ಹಾಕಿಸಿಕೊಂಡು ಬಂದೆ' ಅಂತ.

ಪಟ್ಟಿಕಟ್ಟು ಡಾಕ್ಟ್ರು

ಅದು ಬೈಗುಳ ಅಲ್ಲ ಅಂತ ಅವರಿಗೆ ಹೇಳಿ. ತಡವಾಗಿ ಬಂದ ಮುರಿತ ಅನ್ನುವುದಕ್ಕೆ ನಾವು ಬಳಸುವ ಪದ ಅಷ್ಟೇ. ನಿಜ ಹೇಳಬೇಕು ಅಂದರೆ ಕೆಟ್ಟ ಪದ. 'ಪೆಟ್ಟಾಗಿ ಆರು ವಾರ, ಹೊರಗೆ ಕಟ್ಟು ಹಾಕಿಸಿದ್ದಾರೆ' ಅಂತ ಬರೆದರೆ ಮುಗಿಯಿತು. ಬಿಗಿ ಕಟ್ಟಿನಿಂದ ಬೆರಳಿಗೆ ರಕ್ತ ಹೋಗದೆ ಕೈ ಸೊರಗಿದ ಕೇಸ್‌ಗಳೂ ಬರುತ್ತವೆ. ಅಂಥದ್ದಿದ್ದರೆ ಬೆರಳು ಆಡುತ್ತಿತ್ತಾ, ಸ್ಪರ್ಶ ಇತ್ತಾ, ನಾಡಿ ಸಿಗುತ್ತಿತ್ತಾ ಅನ್ನುವುದನ್ನು ಬಂದ ದಿನವೇ ಬರೆದಿಡಬೇಕು. ನಾಳೆ ಅದು ನಮ್ಮ ಆಪರೇಷನ್‌ನಿಂದ ಆಯಿತು ಅಂತ ಆಗಬಾರದು ನೋಡಿ.

ಮಂಡಕ್ಕಿ ಮಿರ್ಚಿ

ಇಂಥ ಕೇಸ್‌ಗೆ ಸಿಎಂನಲ್ಲಿ ಡಿ ಅಲ್ವಾ? ಆರು ವಾರ ಕಳೆದಿದೆ, ಮೂಳೆ ಕೂಡುತ್ತಿದೆ.

ಚಳ್ಳಕೆರೆ ಶೇಂಗಾ

ಅಲ್ಲ! ಚಿಕಿತ್ಸೆಗೆ ತಡವಾಗಿ ಬಂದವರಿಗೂ ಮೊದಲ ಅಕ್ಷರಗಳೇ, ಎ, ಬಿ, ಸಿ. ಮಾರ್ಗಸೂಚಿಯಲ್ಲೇ ಬರೆದಿದ್ದಾರೆ. ದಿನ ಎಣಿಸಬೇಡ, ಚಿಕಿತ್ಸೆ ಯಾವ ಹಂತದಲ್ಲಿದೆ ನೋಡು. ಎಕ್ಸ್‌ರೇಯಲ್ಲಿ ಸೊಟ್ಟ ಕಂಡಿತು ಅಂತ ನೀನೇ ಪಿ ಅಕ್ಷರ ಹಾಕುವ ಹಾಗೂ ಇಲ್ಲ. ಪಿ ಅಂದರೆ ವಕ್ರವಾಗಿ ಕೂಡಿದ್ದು, ಕೆ ಅಂದರೆ ಕೂಡದೇ ಉಳಿದದ್ದು. ಅದನ್ನು ಡಾಕ್ಟರ್ ಬರೆಯಬೇಕು.

ರೆಕಾರ್ಡ್‌ರೂಮ್ ಅಕ್ಕ

ನಮ್ಮ ಪುಸ್ತಕದಲ್ಲಿ ಈ ಅಕ್ಷರಗಳ ಗೋಜೇ ಇಲ್ಲ. ವಕ್ರವಾಗಿ ಕೂಡಿದ್ದಕ್ಕೆ ಎಂ84.0, ಕೂಡದ್ದಕ್ಕೆ ಎಂ84.1. ವರ್ಷಗಳ ಹಿಂದಿನ ಮುರಿತದ ಪರಿಣಾಮಕ್ಕೆ ಬಂದರೆ ಟಿ92.1 ಇದೆ.

ಹೊಳಲ್ಕೆರೆ ಅಡಿಕೆ

ನಮ್ಮ ಚಿಕ್ಕಪ್ಪನ ಕೈಗೆ ಇಷ್ಟೊಂದು ನಂಬರ್ ಇದೆ ಅಂತ ಗೊತ್ತಿದ್ದರೆ ಮರದ ಹತ್ತಿರವೇ ಹೋಗುತ್ತಿರಲಿಲ್ಲ. ಇನ್ನೊಂದು ಕೇಳಿಬಿಡುತ್ತೇನೆ. ಅಮ್ಮನಿಗೆ 70 ವರ್ಷ. ಬಚ್ಚಲಲ್ಲಿ ಕೂರಲು ಹೋಗಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ ಅಂದರು ಡಾಕ್ಟರ್. ಇದು ಆಕ್ಸಿಡೆಂಟಾ, ಕಾಯಿಲೆಯಾ?

ಕ್ಲೇಮ್ ಕಾಯೋನು

ಅಡಿಕೆ ಸರ್, ಈ ಪ್ರಶ್ನೆ ಹಣದ ಪ್ರಶ್ನೆ. ಆರೋಗ್ಯ ಪಾಲಿಸಿಯಲ್ಲಿ ಮೊದಲ ಮೂವತ್ತು ದಿನದ ಕಾಯುವಿಕೆ ಅಪಘಾತಕ್ಕೆ ಅನ್ವಯಿಸುವುದಿಲ್ಲ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಮೂಳೆ ಸವೆತಕ್ಕೆ ವರ್ಷಗಟ್ಟಲೆ ಕಾಯುವ ಅವಧಿ ಇರುತ್ತೆ. ಅದಕ್ಕೇ 'ಎಸ್ ಕೋಡೇ ಹಾಕಿಬಿಡಿ, ಎಂ ಬೇಡ' ಅಂತ ರೋಗಿ ಕಡೆಯವರು ಬಂದು ಪಿಸುಗುಟ್ಟುತ್ತಾರೆ.

ರೆಕಾರ್ಡ್‌ರೂಮ್ ಅಕ್ಕ

ಪಿಸುಗುಟ್ಟಿದರೆ ಟೀ ಕುಡಿಸಿ ಕಳಿಸಬೇಕು. ಕೋಡ್ ಬದಲಿಸಬಾರದು. ಎಸ್ ಅಂದರೆ ಪೆಟ್ಟಿನಿಂದ ಮುರಿದದ್ದು. ಎಂ80 ಅಂದರೆ ಮೂಳೆ ಸವೆತ ಇದ್ದು, ಅದರಿಂದಲೇ ಮುರಿದದ್ದು. ಅಮೆರಿಕದವರ ನಿಯಮ ಇಲ್ಲಿ ಸ್ಪಷ್ಟ ಇದೆ. ಮೂಳೆ ಸವೆತ ಇದೆ ಅಂತ ಗೊತ್ತಿರುವವರು ಸಣ್ಣದಾಗಿ ಬಿದ್ದು ಮುರಿದುಕೊಂಡರೆ, ಗಟ್ಟಿ ಮೂಳೆಯಾಗಿದ್ದರೆ ಮುರಿಯುತ್ತಿರಲಿಲ್ಲ ಅನ್ನುವ ಹಾಗಿದ್ದರೆ, ಎಂ80. ಆದರೆ ವಯಸ್ಸು 70, ಬಚ್ಚಲಲ್ಲಿ ಬಿದ್ದರು, ಹಾಗಾಗಿ ಎಂ80 ಅಂತ ನಾವೇ ಲೆಕ್ಕ ಹಾಕಿ ಬರೆಯುವ ಹಾಗಿಲ್ಲ. ಅಡಿಕೆ ಅಣ್ಣ, ಡಾಕ್ಟರ್ 'ಸವೆದಿದೆ' ಅಂತ ಬಾಯಲ್ಲಿ ಹೇಳಿದರಾ, ಚೀಟಿಯಲ್ಲಿ ಬರೆದರಾ? ಬಾಯಿಮಾತಿಗೆ ಕೋಡ್ ಇಲ್ಲ.

ಪಟ್ಟಿಕಟ್ಟು ಡಾಕ್ಟ್ರು

ಇಲ್ಲೇ ಒಂದು ಮಾತು. ವಯಸ್ಸಾದವರ ಮಣಿಕಟ್ಟಿನ ಹತ್ತಿರದ ಮುರಿತಕ್ಕೆಲ್ಲ 'ಕಾಲಿಸ್' ಅಂತ ಬರೆಯುವ ಚಾಳಿ ನಮ್ಮಲ್ಲಿದೆ. ಅಬ್ರಹಾಂ ಕಾಲಿಸ್ ಅದನ್ನು ವಿವರಿಸಿದ್ದು 1814ರಲ್ಲಿ, ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಅವರು ಕೈಯ ಆಕಾರ ನೋಡಿಯೇ ಹೇಳಿದ್ದು! ನಮ್ಮ ಹತ್ತಿರ ಎಕ್ಸ್‌ರೇ ಇದ್ದೂ ತಪ್ಪು ಹೆಸರು ಬರೆಯುತ್ತೇವೆ. ಕೆಳತುಂಡು ಹಿಂಗೈ ಕಡೆ ಸರಿದರೆ ಕಾಲಿಸ್, ಅಂಗೈ ಕಡೆ ಸರಿದರೆ ಸ್ಮಿತ್, ಕೀಲಿನ ಅಂಚೇ ಒಡೆದು ಕೀಲು ಜಾರಿದರೆ ಬಾರ್ಟನ್. ಮೂಲ ಐಸಿಡಿಯಲ್ಲಿ ಮೂರೂ ಎಸ್52.5. ಸಿಎಂನಲ್ಲಿ ಕ್ರಮವಾಗಿ 52.53, 52.54, 52.56. ಹೆಸರು ತಪ್ಪಿದರೆ ಕೋಡೂ ತಪ್ಪು.

ಕೋಟೆ ಮಂಗ

ಮತ್ತೆ ಐಸಿಡಿ-11 ಅಂತ ಬಂದಿದೆಯಂತಲ್ಲ. ಇಷ್ಟು ಕಲಿತದ್ದೆಲ್ಲ ಅದರ ಮುಂದೆ ಗೋವಿಂದಾನಾ?

ರೆಕಾರ್ಡ್‌ರೂಮ್ ಅಕ್ಕ

2022ರ ಜನವರಿ 1ರಿಂದ ಜಾರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದರಲ್ಲಿ ಮುಂಗೈ ಮುರಿತ ಎನ್‌ಸಿ32. ನಮ್ಮ ಕಂಪ್ಯೂಟರ್‌ನಲ್ಲಿ ಇನ್ನೂ ಹತ್ತೇ ಇದೆ. ಯಾವ ಪುಸ್ತಕ ಬಂದರೂ ಎಡನಾ ಬಲನಾ ಅಂತ ಡಾಕ್ಟರ್‌ಗೆ ಫೋನ್ ಮಾಡುವ ಕೆಲಸ ನನಗೆ ತಪ್ಪುವುದಿಲ್ಲ ಬಿಡು.

ಮಂಡಕ್ಕಿ ಮಿರ್ಚಿ

ಅಕ್ಕಾ, ಉತ್ತರ ಹೀಗೆ ಕೊಡಬೇಕು ಅಂದುಕೊಂಡಿದ್ದೇನೆ. ಕೋಡ್ ಎಸ್52.80, ಡಬ್ಲ್ಯೂ20 ಅಂತ ತಿದ್ದುವುದು. ಕ್ಯಾಶುವಾಲ್ಟಿ ಚೀಟಿಯನ್ನು ಹೊಸದಾಗಿ ಬರೆಸಿ ಹಳೆಯದನ್ನು ತೆಗೆದುಬಿಡುವುದು. ಸರೀನಾ?

ರೆಕಾರ್ಡ್‌ರೂಮ್ ಅಕ್ಕ

ಮೊದಲರ್ಧ ಸರಿ. ಎರಡನೇದು ಮಾಡಿದರೆ ಕೆಲಸ ಹೋಗುತ್ತೆ ತಮ್ಮಾ! ಹಳೆ ಚೀಟಿ ಹಾಗೇ ಇರಬೇಕು. ವೈಟ್‌ನರ್ ಮುಟ್ಟಬೇಡ. ಅದೇ ಡ್ಯೂಟಿ ಡಾಕ್ಟರ್ ಹತ್ತಿರ ಹೋಗು. ಅವರು ಕೇಸ್ ಶೀಟ್‌ನಲ್ಲಿ ಇವತ್ತಿನ ತಾರೀಖು, ಹೊತ್ತು ಹಾಕಿ, ಹೇಗಾಯಿತು ಅನ್ನುವುದನ್ನು ಸೇರಿಸಿ ಸಹಿ ಮಾಡಲಿ. ತಪ್ಪು ಪದ ಹೊಡೆಯಬೇಕು ಅಂದರೆ ಒಂದೇ ಗೆರೆ, ಕೆಳಗಿನದ್ದು ಓದಲು ಬರಬೇಕು. ಅವರ ಬಾಯಿಗೆ ನೀನು ಪದ ಹಾಕಬೇಡ. 'ನಿಂತ ಗಾಡಿ ಅಂತ ಬರೆಯಿರಿ ಸರ್' ಅನ್ನಬೇಡ. 'ಪೆಟ್ಟು ಹೇಗಾಯಿತು ಅಂತ ವಿವರ ಬೇಕಿತ್ತು ಸರ್' ಅನ್ನು. ರೋಗಿ ಹೇಳಿದ್ದು ಅವರಿಗೆ ನೆನಪಿರುತ್ತೆ, ಇಲ್ಲದಿದ್ದರೆ ಮತ್ತೆ ರೋಗಿಯನ್ನೇ ಕೇಳುತ್ತಾರೆ.

ಕ್ಲೇಮ್ ಕಾಯೋನು

ಉತ್ತರದಲ್ಲಿ ಪುಸ್ತಕದ ಜಗಳ ಬರೆಯಬೇಡಿ. 'ಕೋಡ್ ನಮೂದಿಸುವಾಗ ತಪ್ಪಾಗಿದೆ, ಸರಿಯಾದದ್ದು ಇದು, ಎಕ್ಸ್‌ರೇ ಮತ್ತು ಓಟಿ ನೋಟ್ ಲಗತ್ತಿಸಿದೆ.' ಮೂರು ಸಾಲು. ಉದ್ದ ಬರೆದಷ್ಟೂ ಮರುಪ್ರಶ್ನೆ ಜಾಸ್ತಿ.

ಮಂಡಕ್ಕಿ ಮಿರ್ಚಿ

ಮೂರು ದಿನ ಆದ ಮೇಲೆ ಬರುತ್ತಿದ್ದೇನೆ. ಡಾಕ್ಟರ್ ಸಹಿ ಆಯಿತು. ಅವರೇ 'ಗಾಡಿ ನಿಂತಿತ್ತು ಕಣಪ್ಪ, ಬರೆಯಲು ಹೊತ್ತಿರಲಿಲ್ಲ' ಅಂದರು. ಕೋಡ್ ತಿದ್ದಿ ಕಳಿಸಿದೆ. ಸಾಫ್ಟ್‌ವೇರ್‌ನವರಿಗೂ ಹೇಳಿದೆ, ಉದ್ದ ಕೋಡ್ ಹೊಡೆದರೆ ಕತ್ತರಿಸುವ ಬದಲು ಎಚ್ಚರಿಕೆ ಕೊಡುವ ಹಾಗೆ ಮಾಡುತ್ತಾರಂತೆ. ಮೂಳೆ ವಿಷಯದ ಕ್ವೆರಿ, ಎಫ್‌ಐಆರ್ ಕ್ವೆರಿ ಎರಡೂ ಮುಗಿದವು.

ಇವತ್ತು ಬೆಳಗ್ಗೆ ಹೊಸದು ಬಂದಿದೆ. ಆಧಾರ್‌ನಲ್ಲಿ ರೋಗಿಯ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಎಚ್ ಇದೆ, ಪಾಲಿಸಿಯಲ್ಲಿ ಇಲ್ಲ. ವಿವರಣೆ ಕೊಡಬೇಕಂತೆ.

ಕೋಟೆ ಮಂಗ

ಅದಕ್ಕೆ ಯಾವ ಪುಸ್ತಕ ನೋಡ್ತೀಯಪ್ಪಾ?